ಸೋದರಮಾವ ಇಲ್ಲದ ಮನೆ

2017ರಿಂದ 2019ರವರೆಗೆ ಎರಡು ವರ್ಷ ನಾನು ಚೀನಾದ ಸುಝೌನಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಮಧ್ಯಾಹ್ನ ಹನ್ನೆರಡಾದರೆ ಹಾಸನದಲ್ಲಿ ಬೆಳಗ್ಗೆ ಒಂಬತ್ತೂವರೆ. ನಮ್ಮ ಮಾವನಿಗೆ ತಿಂಡಿ ಮುಗಿದು, ಪೇಪರ್ ಓದಿಯಾಗಿ, ಇನ್ನೇನು ಮಾಡೋದು ಅನ್ನಿಸುವ ಹೊತ್ತು. ನಾನು ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಕೂರುವುದಕ್ಕೂ ಅವರ ವೀಚಾಟ್ ಕರೆ ಬರುವುದಕ್ಕೂ ಸರಿಹೋಗುತ್ತಿತ್ತು. "ಊಟ ಆಯ್ತೇನೋ? ಹಾವು ಗೀವು ತಿಂತಿಲ್ಲ ತಾನೇ?" ದಿನಾ ಇದೇ ಪ್ರಶ್ನೆ.

ಒಂದು ದಿನ ಎದುರು ಕೂತಿದ್ದ ಸಹೋದ್ಯೋಗಿ, ಯಾರದು ಅಂತ ಕೇಳಿದಳು. ಅಂಕಲ್ ಅಂದೆ. "ಯಾವ ಅಂಕಲ್?" ಅಂದಳು. ನನಗೆ ನಗು ಬಂತು. ಇಂಗ್ಲಿಷಿನವರಿಗೆ ಅಂಕಲ್ ಅಂದರೆ ಮುಗಿಯಿತು. ನಮಗೂ ಚೀನಿಯರಿಗೂ ಅಷ್ಟಕ್ಕೆ ಮುಗಿಯೋದಿಲ್ಲ. ಅಮ್ಮನ ತಮ್ಮ ಅಂದೆ. "ಓ, ಜ್ಯೂಜ್ಯೂ!" ಅಂತ ಮುಖ ಅರಳಿಸಿದಳು. ಆಮೇಲೆ ಚಾಪ್‌ಸ್ಟಿಕ್ಕಿನಲ್ಲಿ ಅನ್ನ ಕೆದಕುತ್ತಾ, "ನನ್ನ ಮಗಳಿಗೆ ಜ್ಯೂಜ್ಯೂ ಇಲ್ಲ. ಯೀಮಾನೂ ಇಲ್ಲ" ಅಂದಳು. ಯೀಮಾ ಅಂದರೆ ಅಮ್ಮನ ಅಕ್ಕತಂಗಿ.

ನೆಂಟರನ್ನು ಕರೆಯುವ ಪದಗಳಲ್ಲಿ ಚೀನೀ ಭಾಷೆ ನಮಗೇನೂ ಕಮ್ಮಿಯಿಲ್ಲ. ಅಪ್ಪನ ಅಣ್ಣ ಬೋಬೋ, ತಮ್ಮ ಶುಶು, ಅಕ್ಕತಂಗಿ ಗೂಗೂ. ಅಪ್ಪನ ಅಪ್ಪ-ಅಮ್ಮ ಯೇಯೇ ಮತ್ತು ನೈನೈ. ಅಮ್ಮನ ಅಪ್ಪ-ಅಮ್ಮ ವೈಗೊಂಗ್ ಮತ್ತು ವೈಪೋ. ಆ 'ವೈ' ಅಂದರೆ ಹೊರಗೆ ಅಂತ. ಹೊರಗಿನ ಅಜ್ಜ, ಹೊರಗಿನ ಅಜ್ಜಿ! ಮದುವೆಯಾಗಿ ಹೋದ ಮಗಳು ಚೆಲ್ಲಿದ ನೀರು ಅಂತ ಅವರ ಗಾದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ನಮ್ಮದು. ಎರಡೂ ಕಡೆ ಗಾದೆ ಕಟ್ಟಿದವರು ಗಂಡಸರೇ ಇರಬೇಕು ಬಿಡಿ.

ಹೀಗೆ ಹೊರಗಿಟ್ಟ ಕಡೆಯಿಂದಲೇ ಬರುವ ಸೋದರಮಾವನಿಗೆ ಮಾತ್ರ ಎರಡೂ ಕಡೆ ದೊಡ್ಡ ಮರ್ಯಾದೆ. ಅಲ್ಲಿ ಮದುವೆ ಊಟದಲ್ಲಿ ಅವನಿಗೆ ಮೇಲಿನ ಜಾಗ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವಾಗ ಪಂಚಾಯ್ತಿಗೆ ಅವನನ್ನೇ ಕರೆಸುತ್ತಿದ್ದರು. ನಮ್ಮಲ್ಲಿ ಮಗುವಿಗೆ ಕಿವಿ ಚುಚ್ಚಿಸಬೇಕಾದರೆ ಅವನ ತೊಡೆಯೇ ಆಗಬೇಕು, ಓಲೆಯೂ ಅವನದೇ. ನಮ್ಮ ಮಾವ ಇದನ್ನು ಇವತ್ತಿಗೂ ನೆನಪಿಸುತ್ತಿರುತ್ತಾರೆ. "ನಿನ್ನ ತಂಗಿ ಕಿವಿ ಚುಚ್ಚಿಸಿದಾಗ ನನ್ನ ಕೈ ಕಚ್ಚಿದ್ದಳು" ಅಂತ.

ಚೀನಾದಲ್ಲಿ ಒಂದೇ ಮಗು ನಿಯಮ ದೇಶಕ್ಕೆಲ್ಲ ಬಂದದ್ದು 1980ರ ಹೊತ್ತಿಗೆ. ಸುಮಾರು ಮೂವತ್ತೈದು ವರ್ಷ ನಡೆಯಿತು. 2016ರಿಂದ ಎರಡು ಮಕ್ಕಳಾಗಬಹುದು ಅಂದರು, 2021ರಲ್ಲಿ ಮೂರು ಅಂದರು. ಇದು ನಮಗೆಲ್ಲ ಗೊತ್ತಿರುವ ಸುದ್ದಿ. ಆದರೆ ಸುಮ್ನೆ ಬೆರಳು ಮಡಚಿ ಲೆಕ್ಕ ಹಾಕಿ. ಒಂಟಿ ಮಗು ಬೆಳೆದು ಇನ್ನೊಂದು ಒಂಟಿ ಮಗುವನ್ನು ಮದುವೆಯಾಯಿತು ಅಂದುಕೊಳ್ಳಿ. ಅವರಿಗೆ ಹುಟ್ಟುವ ಮಗುವಿಗೆ ದೊಡ್ಡಪ್ಪ ಇಲ್ಲ, ಚಿಕ್ಕಪ್ಪ ಇಲ್ಲ, ಅತ್ತೆ ಇಲ್ಲ, ದೊಡ್ಡಮ್ಮ, ಚಿಕ್ಕಮ್ಮ, ಸೋದರಮಾವ ಯಾರೂ ಇಲ್ಲ. ರಜೆಗೆ ಬಂದು ಕಿತ್ತಾಡುವ ಅವರ ಮಕ್ಕಳೂ ಇಲ್ಲ. ಎರಡೇ ತಲೆಮಾರಿಗೆ ಅಷ್ಟೂ ಪದ ಖಾಲಿ. ಮೇಲೆ ನಾಲ್ಕು ಮುದುಕರು, ನಡುವೆ ಇಬ್ಬರು, ಕೆಳಗೆ ಒಂದು ಮಗು. ಇದಕ್ಕೆ ಅಲ್ಲಿ 4-2-1 ಅಂತಲೇ ಹೆಸರು.

ನನಗೆ ಅಲ್ಲಿದ್ದಾಗ ಅರ್ಥವಾದದ್ದು ಇಷ್ಟು: ನೆಂಟರು ಕಮ್ಮಿಯಾದರು, ನೆಂಟರು ಮಾಡುತ್ತಿದ್ದ ಕೆಲಸ ಹಾಗೇ ಉಳಿಯಿತು. ಆಸ್ಪತ್ರೆಯಲ್ಲಿ ರಾತ್ರಿ ಮಲಗೋರು ಯಾರು, ಮಗು ಎತ್ತಿಕೊಳ್ಳೋರು ಯಾರು, ಅಪ್ಪನಿಗೆ ಬುದ್ಧಿ ಹೇಳೋರು ಯಾರು? ಹತ್ತು ಜನ ಹಂಚಿಕೊಳ್ಳುತ್ತಿದ್ದದ್ದು ಮೂರು ಜನರ ತಲೆಗೆ ಬಂತು. ಅದರಲ್ಲೂ ಹೆಚ್ಚು ಬಂದದ್ದು ಅಜ್ಜಿಯರ ತಲೆಗೆ.

ಸುಝೌನಲ್ಲಿ ಸಂಜೆ ಯಾವುದಾದರೂ ಪ್ರೈಮರಿ ಶಾಲೆ ಗೇಟಿನ ಮುಂದೆ ನಿಂತು ನೋಡಬೇಕು. ಎಲ್ಲೆಲ್ಲೂ ನರೆತ ತಲೆಗಳೇ. ಎಲೆಕ್ಟ್ರಿಕ್ ಸ್ಕೂಟರ್ ಮೇಲೆ ಕೂತ ಅಜ್ಜಿಯರು, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕ್, ಕವರಿನಲ್ಲಿ ಸುಲಿದ ಕಿತ್ತಳೆ. ಗಂಟೆ ಹೊಡೆದ ಕೂಡಲೇ ಮಗುವಿನ ಬೆನ್ನಿನ ಬ್ಯಾಗು ಅಜ್ಜನ ಹೆಗಲಿಗೆ ಬರುತ್ತದೆ. ಅಪ್ಪ-ಅಮ್ಮ ಆಫೀಸಿನಿಂದ ಬರುವುದು ರಾತ್ರಿ ಎಂಟಕ್ಕೋ ಒಂಬತ್ತಕ್ಕೋ. ಊಟ, ಸ್ನಾನ, ಹೋಂವರ್ಕ್, ಬೈಗುಳ ಎಲ್ಲ ಅಜ್ಜಿಯದೇ. ಅಮ್ಮ ವಾರಾಂತ್ಯಕ್ಕೆ ಬರುವ ನೆಂಟರ ಥರ.

ಈ ಅಜ್ಜ-ಅಜ್ಜಿಯರಲ್ಲಿ ಬಹಳ ಜನ ಆ ಊರಿನವರೇ ಅಲ್ಲ. ಅವರಿಗೆ ಲಾವೊಪ್ಯಾವೊ ಅಂತ ಹೆಸರಿದೆ. ನೀರಲ್ಲಿ ತೇಲಿಕೊಂಡು ಬಂದ ಮುದುಕರು ಅಂತ ಅರ್ಥ. ನನ್ನ ಸಹೋದ್ಯೋಗಿಯ ಅತ್ತೆ ಹಾಗೆ ತೇಲಿ ಬಂದವರು. ಊರು ಆನ್‌ಹುಯಿ ಪ್ರಾಂತ್ಯದ ಹಳ್ಳಿ. ಮೊಮ್ಮಗಳು ಹುಟ್ಟಿದಾಗ ಬಂದವರು, ಮಗು ಶಾಲೆ ಸೇರುವ ಹೊತ್ತಾದರೂ ಇಲ್ಲೇ. ಗಂಡ ಅಲ್ಲಿ ಗದ್ದೆ, ಕೋಳಿ ನೋಡಿಕೊಂಡು ಒಬ್ಬರೇ. ಅರವತ್ತು ದಾಟಿದ ಮೇಲೆ ಗಂಡ-ಹೆಂಡತಿ ಬೇರೆ ಬೇರೆ ಸಂಸಾರ! ಅಮೆರಿಕಕ್ಕೆ ಮಗಳ ಬಾಣಂತನಕ್ಕೆ ಹೋಗುವ ನಮ್ಮ ಜಯನಗರದ ಅಮ್ಮಂದಿರಾದರೆ ಆರು ತಿಂಗಳಿಗೆ ವಾಪಸ್ ಬರುತ್ತಾರೆ. ಇವರಿಗೆ ವಾಪಸ್ ಟಿಕೆಟ್ಟೇ ಇಲ್ಲ.

ಅಲ್ಲಿ ಹುಕೋ ಅಂತ ಒಂದು ಪದ್ಧತಿ. ಯಾರು ಯಾವ ಊರಿನವರು ಅಂತ ಸರ್ಕಾರದ ಪುಸ್ತಕದಲ್ಲಿ ಬರೆದಿರುತ್ತದೆ, 1958ರಿಂದ. ಪಿಂಚಣಿ, ಆಸ್ಪತ್ರೆ ವಿಮೆ ಎಲ್ಲ ಆ ಊರಿಗೆ ಕಟ್ಟಿಹಾಕಿದ್ದು. ಬೇರೆ ಪ್ರಾಂತ್ಯದಲ್ಲಿ ಕಾಯಿಲೆ ಬಿದ್ದರೆ ದುಡ್ಡು ವಾಪಸ್ ತೆಗೆದುಕೊಳ್ಳೋದು ತಲೆನೋವು. ಈಗೀಗ ಸುಧಾರಿಸಿದೆ, ಆದರೆ ಆ ಅಜ್ಜಿ ಮಂಡಿನೋವಿಗೆ ಔಷಧ ತರಲು ಹಬ್ಬಕ್ಕೆ ಊರಿಗೆ ಹೋಗುವವರೆಗೆ ಕಾಯುತ್ತಿದ್ದರು. ಜೊತೆಗೆ ಅವರಿಗೆ ಬರುವುದು ಹಳ್ಳಿ ಮಾತು. ಮಗುವಿನ ಉಚ್ಚಾರ ಕೆಡುತ್ತೆ, ಮ್ಯಾಂಡರಿನ್‌ನಲ್ಲೇ ಮಾತಾಡಿ ಅಂತ ಸೊಸೆ ಹೇಳಿದ್ದಳಂತೆ. ಹೇಳಿದ್ದನ್ನು ಅವಳೇ ನನಗೆ ಹೇಳಿ, "ಆಮೇಲೆ ಒಂದು ವಾರ ಅವರು ಮಾತೇ ಆಡಲಿಲ್ಲ, ಪಾಪ" ಅಂದಳು. ಬೆಂಗಳೂರಿನ ಎಷ್ಟು ಮನೆಗಳಲ್ಲಿ ಅಜ್ಜಿಯರು ಹೀಗೇ ಬಾಯಿ ಮುಚ್ಚಿದ್ದಾರೋ ಅಂತ ನನಗನ್ನಿಸಿತು. ಹೇಳಲಿಲ್ಲ.

ಬಾಣಂತನ ಅಂದೆನಲ್ಲ. ಅಲ್ಲಿ ಅದಕ್ಕೆ 'ತಿಂಗಳು ಕೂರೋದು' ಅನ್ನುತ್ತಾರೆ. ತಣ್ಣೀರು ಮುಟ್ಟಬಾರದು, ಗಾಳಿ ತಾಗಬಾರದು, ತಲೆಸ್ನಾನ ಮಾಡಬಾರದು. ಶುಂಠಿ ಹಾಕಿದ ಬಿಸಿ ಬಿಸಿ ಊಟ, ಹಾಲು ಹೆಚ್ಚಲಿ ಅಂತ ಹಂದಿಕಾಲಿನ ಸೂಪು. ಕೇಳುತ್ತಿದ್ದರೆ ನಮ್ಮಜ್ಜಿಯೇ ಚೀನೀ ಭಾಷೆಯಲ್ಲಿ ಮಾತಾಡಿದ ಹಾಗಿರುತ್ತೆ, ಹಂದಿಕಾಲು ಒಂದು ಬಿಟ್ಟು. ಒಂದೇ ವ್ಯತ್ಯಾಸ: ನಮ್ಮಲ್ಲಿ ತವರುಮನೆಗೆ ಬರುತ್ತಾರೆ. ಅಲ್ಲಿ ಹಿಂದಿನಿಂದ ಇದು ಅತ್ತೆಯ ಕೆಲಸ. ಈಗ ಯುವೆಸಾವೊ ಅನ್ನುವ ಬಾಣಂತನದ ದಾದಿಯರು ಸಂಬಳಕ್ಕೆ ಸಿಗುತ್ತಾರೆ, ದೊಡ್ಡ ಊರಲ್ಲಿ ತಿಂಗಳಿಗೆ 10,000 ಯುವಾನ್ ದಾಟುತ್ತೆ. ಅತ್ತೆಯ ಪಾತ್ರಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಬಂದಿದೆ ಅನ್ನಿ.

ಬೆಲೆ ಅಂದಾಗ ಇನ್ನೊಂದು ನೆನಪಾಯಿತು. 2021ರ ಜನವರಿಯಿಂದ ಅಲ್ಲಿ ಹೊಸ ನಾಗರಿಕ ಸಂಹಿತೆ ಜಾರಿಗೆ ಬಂತು. ಮನೆಗೆಲಸ ಜಾಸ್ತಿ ಹೊತ್ತವರು ವಿಚ್ಛೇದನದ ಹೊತ್ತಿಗೆ ಪರಿಹಾರ ಕೇಳಬಹುದು ಅಂತ ಅದರಲ್ಲಿದೆ. ಬೀಜಿಂಗಿನ ಒಂದು ಕೋರ್ಟು ಐದು ವರ್ಷ ಮನೆ, ಮಗು ನೋಡಿಕೊಂಡ ಹೆಂಡತಿಗೆ 50,000 ಯುವಾನ್ ಕೊಡಿಸಿತು. ಆಗಿನ ಲೆಕ್ಕದಲ್ಲಿ ಐದೂವರೆ ಲಕ್ಷ ರೂಪಾಯಿಯ ಮೇಲೆ. ನಾನು ಭಾರೀ ಖುಷಿಯಿಂದ ಸಹೋದ್ಯೋಗಿಗೆ ಮೆಸೇಜ್ ಮಾಡಿದೆ. ಅವಳ ಉತ್ತರ: "ಐದು ವರ್ಷಕ್ಕಾ? ಆ ದುಡ್ಡಿಗೆ ಯುವೆಸಾವೊ ಐದು ತಿಂಗಳು ಬರ್ತಾಳೆ." ನನ್ನ ಖುಷಿ ಅಲ್ಲಿಗೆ ಇಳಿಯಿತು.

ಇಷ್ಟೆಲ್ಲ ಹೇಳಿ ಒಂದು ಒಳ್ಳೆಯದನ್ನು ಮುಚ್ಚಿಟ್ಟರೆ ತಪ್ಪಾಗುತ್ತೆ. ನನ್ನ ಸಹೋದ್ಯೋಗಿಯ ತವರು ನಾನ್‌ತೊಂಗ್, ಯಾಂಗ್ಟ್ಸಿ ನದಿಯ ಆಚೆ ದಡ. ಅಮ್ಮ ಹತ್ತಿ ಗಿರಣಿಯಲ್ಲಿದ್ದವರು. ಇವಳೊಬ್ಬಳೇ ಮಗಳು. ತಮ್ಮ ಇದ್ದಿದ್ದರೆ ಅವನ ಪಾಲಿಗೆ ಹೋಗುತ್ತಿದ್ದದ್ದೆಲ್ಲ ಇವಳಿಗೇ ಬಂತು. ಟ್ಯೂಷನ್, ಎಂಜಿನಿಯರಿಂಗ್, ಕೊನೆಗೆ ಸುಝೌನಲ್ಲಿ ಫ್ಲ್ಯಾಟಿನ ಮುಂಗಡ ಕೂಡ. ಬೇರೆ ಯಾರಿಗೆ ಕೊಡ್ತಾರೆ? ಚೀನಾದ ನಗರಗಳಲ್ಲಿ 1980ರ ನಂತರ ಹುಟ್ಟಿದ ಕೋಟ್ಯಂತರ ಹೆಣ್ಣುಮಕ್ಕಳು ಹೀಗೆ ಮನೆಯ ಮಗನಾಗಿ ಬೆಳೆದರು.

ಮಗನ ಸವಲತ್ತು ಬಂದ ಮೇಲೆ ಮಗನ ಜವಾಬ್ದಾರಿಯೂ ಬರಬೇಕಲ್ಲ. 2013ರ ಜುಲೈಯಿಂದ, ದೂರದಲ್ಲಿರುವ ಮಕ್ಕಳು ಆಗಾಗ ಬಂದು ಅಪ್ಪ-ಅಮ್ಮನನ್ನು ನೋಡಬೇಕು ಅಂತ ಅಲ್ಲಿ ಕಾನೂನೇ ಆಗಿದೆ. ಆ ಕಾನೂನಿನ ಮೊದಲ ತೀರ್ಪುಗಳಲ್ಲಿ ಒಂದು ಬಂದದ್ದು ಸುಝೌ ಪಕ್ಕದ ವೂಷಿಯಲ್ಲಿ. 77 ವರ್ಷದ ತಾಯಿಯನ್ನು ಎರಡು ತಿಂಗಳಿಗೆ ಒಮ್ಮೆಯಾದರೂ ಹೋಗಿ ನೋಡಿ ಬಾ ಅಂತ ಕೋರ್ಟು ಹೇಳಿತು. ಯಾರಿಗೆ ಹೇಳಿದ್ದು ಗೊತ್ತಾ? ಮಗಳಿಗೆ. ಚೆಲ್ಲಿದ ನೀರನ್ನು ಕೋರ್ಟೇ ಕೊಡಕ್ಕೆ ತುಂಬಿಸಿತು.

ಸುಝೌ ಸುತ್ತಮುತ್ತ ಇನ್ನೊಂದು ಹೊಸ ರೂಢಿ ಬಂದಿದೆ. ಅದಕ್ಕೆ ಎರಡು ತಲೆಯ ಮದುವೆ ಅನ್ನುತ್ತಾರೆ. ಹುಡುಗಿ ಹುಡುಗನ ಮನೆಗೆ ಹೋಗುವುದಿಲ್ಲ, ಹುಡುಗ ಮನೆ ಅಳಿಯನಾಗುವುದೂ ಇಲ್ಲ. ತೆರ ಇಲ್ಲ, ವರದಕ್ಷಿಣೆ ಇಲ್ಲ. ಎರಡು ಮಕ್ಕಳಾದರೆ ಒಂದಕ್ಕೆ ಅಪ್ಪನ ಮನೆತನದ ಹೆಸರು, ಇನ್ನೊಂದಕ್ಕೆ ಅಮ್ಮನದು. ಎರಡೂ ಕಡೆಯವರನ್ನು ಯೇಯೇ, ನೈನೈ ಅಂತಲೇ ಕರೆಯಬೇಕು. 'ಹೊರಗಿನ' ಅಜ್ಜ-ಅಜ್ಜಿ ಅನ್ನೋರೇ ಇಲ್ಲ. ನನಗಂತೂ ಇದು ಬಹಳ ಇಷ್ಟವಾಯಿತು. ಆದರೆ ಒಬ್ಬಳು ಹೇಳಿದಳು, "ಎರಡನೇ ಮಗು ಗಂಡಾಯ್ತು, ಅದಕ್ಕೆ ನಮ್ಮ ಮನೆ ಹೆಸರು ಇಡಬೇಕಿತ್ತು. ಈಗ ನಮ್ಮತ್ತೆ, ಮೊದಲನೆಯದರ ಜೊತೆ ಹೆಸರು ಅದಲುಬದಲು ಮಾಡೋಣ ಅಂತಿದ್ದಾರೆ." ಅತ್ತೆ ಎಲ್ಲಿದ್ದರೂ ಅತ್ತೆಯೇ.

ಹಳ್ಳಿಯ ಕಥೆಯೇ ಬೇರೆ. ಸಹೋದ್ಯೋಗಿಯ ಗಂಡನಿಗೆ ಒಬ್ಬಳು ಅಕ್ಕ. ಮೊದಲನೆಯದು ಹೆಣ್ಣಾದರೆ ಇನ್ನೊಂದಕ್ಕೆ ಅವಕಾಶ ಅಂತ 1984ರ ಆಮೇಲೆ ಬಹಳಷ್ಟು ಪ್ರಾಂತ್ಯಗಳ ಹಳ್ಳಿಗಳಲ್ಲಿ ಸಡಿಲ ಮಾಡಿದ್ದರು. ಅಂದರೆ ಅಕ್ಕ ಹುಟ್ಟಿದ್ದರಿಂದ ತಮ್ಮನಿಗೆ ಪರ್ಮಿಟ್ ಸಿಕ್ಕಿತು. ಹದಿನಾರಕ್ಕೆ ಅವಳು ಶಾಲೆ ಬಿಟ್ಟು ದಕ್ಷಿಣದ ಕಾರ್ಖಾನೆಗೆ ಹೋದಳು. ತಮ್ಮನ ಕಾಲೇಜು ಫೀಸು ಅಲ್ಲಿಂದ ಬಂತು. ಮದುವೆಯಾಗಿ, ಮಗನನ್ನು ಹಳ್ಳಿಯಲ್ಲಿ ಬಿಟ್ಟು ಮತ್ತೆ ಕಾರ್ಖಾನೆಗೇ ಹೋದಳು. ಅಪ್ಪ-ಅಮ್ಮ ದೂರದಲ್ಲಿ ದುಡಿಯುತ್ತಾ ಹಳ್ಳಿಯಲ್ಲಿ ಬಿಟ್ಟ ಇಂಥ ಮಕ್ಕಳು 2016ರಲ್ಲಿ ಸರ್ಕಾರ ಎಣಿಸಿದಾಗ 90 ಲಕ್ಷ ಇದ್ದರು. ಅದೂ ಹೊಸದಾಗಿ ಬಿಗಿ ಮಾಡಿದ ಲೆಕ್ಕದಲ್ಲಿ. ಒಂದೇ ಮನೆಯ ಇಬ್ಬರು ಹೆಂಗಸರು, ಹತ್ತಿರ ಹತ್ತಿರದ ವಯಸ್ಸು. ಒಬ್ಬಳಿಗೆ ಫ್ಲ್ಯಾಟು, ಒಬ್ಬಳಿಗೆ ಹಾಸ್ಟೆಲಿನ ಮೇಲಿನ ಮಂಚ.

ಇನ್ನು, ಆ ಒಂದೇ ಮಗುವೂ ಹೋಗಿಬಿಟ್ಟರೆ? ಅಂಥ ಅಪ್ಪ-ಅಮ್ಮಂದಿರಿಗೂ ಅಲ್ಲಿ ಒಂದು ಪದ ಇದೆ, ಶೀದು ಅಂತ. 'ಒಂದನ್ನು ಕಳೆದುಕೊಂಡವರು'. 2008ರ ಸಿಚುವಾನ್ ಭೂಕಂಪದಲ್ಲಿ ಶಾಲೆಗಳು ಕುಸಿದಾಗ, ಮಗು ಸತ್ತವರು ಇನ್ನೊಂದು ಹೆರಬಹುದು ಅಂತ ಸರ್ಕಾರ ಅನುಮತಿ ಕೊಟ್ಟಿತು. ಆ ವಾಕ್ಯವನ್ನು ಇನ್ನೊಮ್ಮೆ ಓದಿ.

ಇದನ್ನೆಲ್ಲ ಬರೆಯಲು ಕಾರಣ, ಮೊನ್ನೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬಂದ ಫಾರ್ವರ್ಡ್. 'ಚೀನಾ ಥರ ಇಲ್ಲೂ ಕಾನೂನು ತರಬೇಕು' ಅಂತ. ಅದರ ಕೆಳಗೇ ಇನ್ನೊಂದು: 'ಚೀನಾದಲ್ಲಿ ಹುಡುಗಿಯರು ಮದುವೆ ಬೇಡ ಅಂತಾರೆ, ಓದಿಸಿದ್ದೇ ತಪ್ಪು'. ಎರಡನ್ನೂ ಹಾಕಿದ್ದು ಒಬ್ಬರೇ. ಚೀನಾದಲ್ಲಿ 2013ರಲ್ಲಿ 1 ಕೋಟಿ 34 ಲಕ್ಷ ಮದುವೆ ನೋಂದಣಿಯಾಗಿತ್ತು. 2024ರಲ್ಲಿ 61 ಲಕ್ಷ. ಮದುವೆ ವಯಸ್ಸಿನವರೇ ಕಮ್ಮಿ, ಮನೆ ಬೆಲೆ ಆಕಾಶಕ್ಕೆ, ಕೆಲಸ ರಾತ್ರಿ ಒಂಬತ್ತರವರೆಗೆ, ಮೇಲೆ ನಾಲ್ಕು ಮುದುಕರ ಕಾಯಿಲೆ. ಹುಡುಗಿಯರ ಓದಿನ ಮೇಲೆ ಗೂಬೆ ಕೂರಿಸಿದರೆ ಆಯ್ತಾ? ಗಂಡೇ ಬೇಕು ಅಂತ ಹೆಣ್ಣು ಭ್ರೂಣ ತೆಗೆಸಿದ್ದನ್ನು ಯಾರೂ ಫಾರ್ವರ್ಡ್ ಮಾಡೋಲ್ಲ. 2004ರಲ್ಲಿ 100 ಹೆಣ್ಣು ಮಕ್ಕಳಿಗೆ 121 ಗಂಡು ಹುಟ್ಟಿದ್ದವು. ಆ ಹುಡುಗರಿಗೆ ಈಗ ಹೆಣ್ಣು ಹುಡುಕುವ ವಯಸ್ಸು.

ಈಗ ಸರ್ಕಾರ ಹೆರಿ ಹೆರಿ ಅನ್ನುತ್ತಿದೆ. ಮೂರು ವರ್ಷದೊಳಗಿನ ಮಗುವಿಗೆ ವರ್ಷಕ್ಕೆ 3,600 ಯುವಾನ್ ಕೊಡ್ತೀವಿ ಅಂತ 2025ರಲ್ಲಿ ಘೋಷಿಸಿದರು. ಅದೇ ವರ್ಷದ ಜನವರಿಯಿಂದ ನಿವೃತ್ತಿ ವಯಸ್ಸನ್ನೂ ಮೆಲ್ಲಗೆ ಏರಿಸುತ್ತಿದ್ದಾರೆ. ಕಾರ್ಖಾನೆ ಹೆಂಗಸರು 50ಕ್ಕೆ ಬಿಡುತ್ತಿದ್ದವರು ಮುಂದೆ 55ರವರೆಗೆ ದುಡಿಯಬೇಕು. ನಾನ್‌ತೊಂಗ್‌ನ ಆ ಗಿರಣಿಯ ಅಮ್ಮ 50ಕ್ಕೆ ಮನೆಗೆ ಬಂದಿದ್ದರಿಂದಲೇ ಮೊಮ್ಮಗಳನ್ನು ಸರದಿಯ ಮೇಲೆ ನೋಡಿಕೊಳ್ಳಲು ಆಗಿದ್ದು. ಮಗು ಹೆರಿ ಅನ್ನೋದೂ ಅವರೇ, ಅಜ್ಜಿಯನ್ನು ಕೆಲಸದಲ್ಲಿ ಹಿಡಿದಿಟ್ಟುಕೊಳ್ಳೋದೂ ಅವರೇ. ಸಹೋದ್ಯೋಗಿಗೆ ಎರಡನೆಯದರ ವಿಚಾರ ಕೇಳಿದ್ದೆ. "ಅದಕ್ಕೆ ಅಜ್ಜಿ ಎಲ್ಲಿಂದ ತರಲಿ?" ಅಂದಳು.

2019ರಲ್ಲಿ ನಾನು ಹೊರಡುವ ಹಿಂದಿನ ವಾರ ಅವಳ ಮನೆಗೆ ಊಟಕ್ಕೆ ಕರೆದಿದ್ದಳು. ಆನ್‌ಹುಯಿ ಅಜ್ಜಿ ನನಗೋಸ್ಕರ ಮಾಂಸ ಹಾಕದೆ ನಾಲ್ಕು ಪಲ್ಯ ಮಾಡಿದ್ದರು. ಐದು ವರ್ಷದ ಮಗಳು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಅಲ್ಲಿ ಅಪ್ಪ-ಅಮ್ಮನ ಸ್ನೇಹಿತರಾದ ಗಂಡಸರನ್ನು ಶುಶು ಅನ್ನೋದು ವಾಡಿಕೆ. ಮಗು ಹಾಗೆ ಕರೆಯಲು ಹೊರಟಾಗ ಅಮ್ಮ ತಡೆದು, "ಇವರಿಗೆ ಜ್ಯೂಜ್ಯೂ ಅನ್ನು" ಅಂದಳು. ಮಗು ಅಜ್ಜಿಯ ಮುಖ ನೋಡಿತು. ಅಜ್ಜಿ ತಲೆಯಾಡಿಸಿದರು.

ರಾತ್ರಿ ಇದನ್ನು ಮಾವನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಆ ಮಗೂಗೆ ಕಿವಿ ಚುಚ್ಚಿಸಿದಾರೇನೋ? ಇಲ್ಲಾಂದ್ರೆ ಓಲೆ ನೀನೇ ಕೊಡಿಸಬೇಕು ನೋಡು. ನಮ್ಮ ಅಂಗಡಿಯವನಿಗೆ ಹೇಳ್ಲಾ?"