200 ಮೆಗಾಪಿಕ್ಸೆಲ್ ಅಂತೆ, ಇರಲಿ ಬಿಡಿ

ಈಗಷ್ಟೇ ಒಬ್ಬ ಹುಡುಗ ನನ್ನ ಹಳೇ ಕ್ಯಾಮೆರಾ ನೋಡಿ, "ಬರೀ 12 ಮೆಗಾಪಿಕ್ಸೆಲ್ಲಾ ಸರ್? ನನ್ನ ಫೋನಲ್ಲೇ 200 ಇದೆ" ಅಂತ ಕನಿಕರಪಟ್ಟು ಹೋದ. ಈ ವಿಷಯಕ್ಕೆ ನನ್ನ ತಲೆ ಎಷ್ಟು ಬೇಗ ಬಿಸಿಯಾಗುತ್ತದೆ ಅಂತ ನಿಮಗೆಲ್ಲ ಗೊತ್ತು. ಅವನ ಮುಂದೆ ಸುಮ್ನೆ ನಕ್ಕೆ. ಉಳಿದದ್ದು ಇಲ್ಲಿ.

ಆ 200ರ ಕಥೆ ಕೇಳಿ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್ಪೇ ಸೆನ್ಸರ್, ಅದರ ಮೇಲಿನ ಒಂದೊಂದು ಪುಟ್ಟ ಚುಕ್ಕೆ ಪಿಕ್ಸೆಲ್, ಅಂಥ ಹತ್ತು ಲಕ್ಷ ಸೇರಿದರೆ ಒಂದು ಮೆಗಾಪಿಕ್ಸೆಲ್. ಅಂಥ ಫೋನುಗಳು ಮಾಮೂಲಿ ಮೋಡ್‌ನಲ್ಲಿ ಕೊಡುವುದು ಸುಮಾರು 12 ಮೆಗಾಪಿಕ್ಸೆಲ್ ಫೋಟೋವನ್ನೇ! 16 ಪಿಕ್ಸೆಲ್ ಸೇರಿಸಿ ಒಂದು ಮಾಡುತ್ತವೆ. ಯಾಕೆಂದರೆ ಒಂದೊಂದು ಪಿಕ್ಸೆಲ್ಲೂ ಸುಮಾರು 0.6 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕದು. ಅದರ ಮೇಲೆ ಬೆಳಕು ಎಷ್ಟು ಬಿದ್ದೀತು? ಕತ್ತಲಾಗುತ್ತಿದ್ದಂತೆ ನಾಯ್ಸ್, ಅಂದರೆ ಫೋಟೋ ತುಂಬ ಕಾಳುಕಾಳು ಚುಕ್ಕೆ, ಶುರು. ಅದನ್ನು ಸಾಫ್ಟ್‌ವೇರ್ ಒರೆಸಿ ಒರೆಸಿ, ಅಜ್ಜಿಯ ಮುಖದ ಸುಕ್ಕನ್ನೂ ಒರೆಸಿಬಿಡುತ್ತದೆ.

ದೊಡ್ಡ ಕ್ಯಾಮೆರಾಗಳ ಫುಲ್‌ಫ್ರೇಮ್ ಸೆನ್ಸರ್ ಸುಮಾರು 36×24 ಮಿಲಿಮೀಟರ್. ಹೆಚ್ಚಿನ ಫೋನುಗಳದು ಒಂದು ಸೆಂಟಿಮೀಟರ್ ಅಗಲ ಇದ್ದರೆ ಹೆಚ್ಚು. ಒಂದೇ ಜಮೀನನ್ನು 12 ಸೈಟು ಮಾಡಿದರೇನು, 200 ಮಾಡಿದರೇನು, ಭೂಮಿ ಜಾಸ್ತಿ ಆಗುತ್ತದಾ? 2020ರಲ್ಲಿ ಬಂದ ಸೋನಿ ಎ7ಎಸ್ 3 ಎಂಬ ಫುಲ್‌ಫ್ರೇಮ್ ಕ್ಯಾಮೆರಾ ಕೂಡ 12 ಮೆಗಾಪಿಕ್ಸೆಲ್ಲೇ. ಕತ್ತಲಲ್ಲಿ ವಿಡಿಯೋ ಮಾಡುವವರು ಅದಕ್ಕೆ ಮುಗಿಬೀಳುತ್ತಾರೆ. ಪಾಪ, ಆ ಕಂಪನಿಗೆ ಎಣಿಸಲು ಬರುವುದಿಲ್ಲವೇನೋ.

ಇನ್ನು 12ರಿಂದ 24ಕ್ಕೆ ಹೋದರೆ ವಿವರ ಎರಡು ಪಟ್ಟು ಅಂದುಕೊಂಡಿದ್ದೀರಾ? ಉದ್ದ, ಅಗಲ ಬೆಳೆಯುವುದು ತಲಾ 1.4 ಪಟ್ಟು ಮಾತ್ರ. ಎರಡು ಪಟ್ಟು ಬೇಕಾದರೆ 48 ಬೇಕು. ಅಷ್ಟೆಲ್ಲ ಮಾಡಿ ನೋಡುವುದು ಎಲ್ಲಿ? 4ಕೆ ಟಿವಿಯಲ್ಲೇ ಇರುವುದು 83 ಲಕ್ಷ ಪಿಕ್ಸೆಲ್, ಅಂದರೆ 8 ಮೆಗಾಪಿಕ್ಸೆಲ್ ಚಿಲ್ಲರೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದೂ ಉಳಿಯುವುದಿಲ್ಲ.

"ಕ್ರಾಪ್ ಮಾಡಬಹುದಲ್ವಾ, ಬೇಕಾದ ಭಾಗ ಮಾತ್ರ ಕತ್ತರಿಸಿಕೊಳ್ಳಬಹುದಲ್ವಾ?" ಅಂತ ಕಾಮೆಂಟ್ ಹಾಕಲು ಕಾಯುತ್ತಿದ್ದೀರಿ, ಗೊತ್ತು. ಮಾಡಿ. ಒಳ್ಳೇ ಲೆನ್ಸ್, ಧಾರಾಳ ಬೆಳಕು, ಅಲುಗಾಡದ ಟ್ರೈಪಾಡ್ ಇದ್ದರೆ ಖಂಡಿತ ಮಾಡಿ. ಗೋಡೆಯಷ್ಟು ದೊಡ್ಡ ಪ್ರಿಂಟ್ ಹಾಕಿಸುವವರೂ ದಯವಿಟ್ಟು ಕೊಂಡುಕೊಳ್ಳಿ. ನಮ್ಮಲ್ಲಿ ಅಂಥವರು ಎಷ್ಟು ಜನ ಇದ್ದಾರೆ? ಲೆನ್ಸ್ ಮಬ್ಬಾಗಿ ಕೊಟ್ಟದ್ದನ್ನು 200 ಮೆಗಾಪಿಕ್ಸೆಲ್‌ನಲ್ಲಿ ಹಿಡಿದಿಟ್ಟರೆ ಸಿಗುವುದು ಭಾರೀ ಸೈಜಿನ ಮಬ್ಬು. ಮೆಮೊರಿ ಮಾತ್ರ ಬೇಗ ತುಂಬುತ್ತದೆ.

ಗುಟ್ಟೊಂದು ಹೇಳಲಾ? 45 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಕಂಡರೆ ನನಗೂ ಜೊಲ್ಲು ಸುರಿಯುತ್ತದೆ. ಆದರೆ ಅದರ ಆಟೋಫೋಕಸ್‌ಗೆ ಸ್ವಾಮಿ, 45ಕ್ಕಲ್ಲ! ನಂಬುವವರು ನಂಬಿ.

ಕ್ಯಾಮೆರಾ ಕೊಳ್ಳುವ ಮುಂಚೆ ನನಗೆ ಫೋನ್ ಮಾಡುವವರಿಗೆ ಒಂದು ಮಾತು. ಸೆನ್ಸರ್ ಎಷ್ಟು ದೊಡ್ಡದು, ಲೆನ್ಸ್ ಯಾವುದು ಅಂತ ಕೇಳಿ, ರಾತ್ರಿ ಎರಡು ಗಂಟೆಯಾದರೂ ಮಾತಾಡುತ್ತೇನೆ. "ಎಷ್ಟು ಮೆಗಾಪಿಕ್ಸೆಲ್?" ಅಂತ ಶುರು ಮಾಡಿದರೆ ಮಾತ್ರ ಫೋನ್ ಇಡುತ್ತೇನೆ.