ಸತ್ಯಾಂಶ: ಅಮೆರಿಕದ ರಾಜ್ಯಗಳ ಅಟಾರ್ನಿ ಜನರಲ್‌ರನ್ನು ಅಧ್ಯಕ್ಷರು ನೇಮಿಸುತ್ತಾರೆಯೇ?

‘ಅಮೆರಿಕದ ರಾಜ್ಯಗಳ ಅಟಾರ್ನಿ ಜನರಲ್‌ಗಳೆಲ್ಲ ಅಧ್ಯಕ್ಷರು ನೇಮಿಸಿದವರು’ ಎಂಬ ವಾಟ್ಸಾಪ್ ಸಂದೇಶ ತಪ್ಪು. ಅಟಾರ್ನಿ ಜನರಲ್ ಎಂದರೆ ಸರ್ಕಾರದ ಮುಖ್ಯ ಕಾನೂನು ಅಧಿಕಾರಿ. ಅಧ್ಯಕ್ಷರು ನೇಮಿಸುವುದು ಕೇಂದ್ರದ ಅಟಾರ್ನಿ ಜನರಲ್‌ರನ್ನು. ಅದಕ್ಕೂ ಸೆನೆಟ್ ಒಪ್ಪಿಗೆ ಬೇಕು. 50 ರಾಜ್ಯಗಳ ಪೈಕಿ 43ರಲ್ಲಿ ರಾಜ್ಯದ ಅಟಾರ್ನಿ ಜನರಲ್‌ರನ್ನು ಜನರೇ ಮತ ಹಾಕಿ ಆರಿಸುತ್ತಾರೆ. ಐದರಲ್ಲಿ ಗವರ್ನರ್, ಮೇನ್‌ನಲ್ಲಿ ಶಾಸಕಾಂಗ, ಟೆನೆಸ್ಸಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್.

ನಾರ್ತ್ ಕೆರೊಲೈನಾದ ಮತದಾನದ ಇತಿಹಾಸ ನೋಡಿದರೆ ಮತದಾರರ ಸ್ವಂತ ಬುದ್ಧಿ ಎದ್ದು ಕಾಣುತ್ತದೆ. 2016, 2020, 2024, ಮೂರೂ ಸಲ ಅಧ್ಯಕ್ಷ ಚುನಾವಣೆಯಲ್ಲಿ ಅಲ್ಲಿ ರಿಪಬ್ಲಿಕನ್ ಪಕ್ಷದ ಟ್ರಂಪ್ ಗೆದ್ದರು. ಅದೇ ಚುನಾವಣೆಗಳಲ್ಲಿ ಅಟಾರ್ನಿ ಜನರಲ್ ಹುದ್ದೆ ಡೆಮಾಕ್ರಟರಿಗೆ ಹೋಯಿತು: ಎರಡು ಬಾರಿ ಜೋಶ್ ಸ್ಟೈನ್, ಆಮೇಲೆ ಜೆಫ್ ಜಾಕ್ಸನ್. 2020ರಲ್ಲಂತೂ ಸ್ಟೈನ್ ಗೆದ್ದ ಅಂತರ ಶೇ 1ಕ್ಕೂ ಕಡಿಮೆ.

ನಮ್ಮಲ್ಲಿ ಗೊಂದಲ ಸಹಜವೇ. ರಾಜ್ಯ ಸರ್ಕಾರದ ಮುಖ್ಯ ವಕೀಲರಾದ ಕರ್ನಾಟಕದ ಅಡ್ವೊಕೇಟ್ ಜನರಲ್‌ರನ್ನು ಸಂವಿಧಾನದ 165ನೇ ವಿಧಿಯಂತೆ ರಾಜ್ಯಪಾಲರು ನೇಮಿಸುತ್ತಾರೆ, ಚುನಾವಣೆ ಇಲ್ಲ.