ಸ್ನೋ ಬ್ಲೋವರ್ ತಿರುಗುವ ಬಗೆ: ಒಂದು ಸ್ಪಷ್ಟನೆ

ಕೆನಡಾದಲ್ಲಿರುವ ಮಕ್ಕಳಿಗಾಗಿ ಸ್ನೋ ಬ್ಲೋವರ್ (ಹಿಂದಿನಿಂದ ಹಿಡಿದು ನಡೆಸುವ, ಹಿಮ ತೆರವುಗೊಳಿಸುವ ಯಂತ್ರ) ವಿಚಾರಿಸುತ್ತಿರುವ ಪುಣೆಯ ಕನ್ನಡಿಗರ ನಡುವೆ, “ಹೈಡ್ರೋಸ್ಟ್ಯಾಟಿಕ್ ಯಂತ್ರ ತಾನಾಗಿಯೇ ಎಡಬಲಕ್ಕೆ ತಿರುಗುತ್ತದೆ, ಫ್ರಿಕ್ಷನ್ ಡಿಸ್ಕ್‌ನದು ತಿರುಗುವುದಿಲ್ಲ” ಎಂಬ ವಾಟ್ಸ್‌ಆ್ಯಪ್ ಸಂದೇಶ ಓಡಾಡುತ್ತಿದೆ. ಇದು ಸರಿಯಲ್ಲ.

ಇವೆರಡೂ ಯಂತ್ರದ ವೇಗಕ್ಕೆ ಸಂಬಂಧಿಸಿದ ವ್ಯವಸ್ಥೆಗಳು, ತಿರುವಿಗಲ್ಲ. ಫ್ರಿಕ್ಷನ್ ಬಗೆಯಲ್ಲಿ ರಬ್ಬರ್ ಅಂಚಿನ ಚಕ್ರವೊಂದು ತಿರುಗುವ ಲೋಹದ ತಟ್ಟೆಗೆ ಒತ್ತಿಕೊಂಡಿರುತ್ತದೆ. ಅದು ತಟ್ಟೆಯ ನಡುವಿನಿಂದ ಅಂಚಿನತ್ತ ಸರಿದಷ್ಟೂ ಯಂತ್ರದ ನಡೆ ಚುರುಕಾಗುತ್ತದೆ. ಹೈಡ್ರೋಸ್ಟ್ಯಾಟಿಕ್‌ನಲ್ಲಿ ಆ ಕೆಲಸವನ್ನು ಒತ್ತಡದ ಎಣ್ಣೆ ಮಾಡುತ್ತದೆ.

ತಿರುವು ನಿರ್ಧಾರವಾಗುವುದು ಚಕ್ರಗಳನ್ನು ಜೋಡಿಸುವ ದಂಡವಾದ ಆ್ಯಕ್ಸಲ್‌ನಲ್ಲಿ. ಎರಡೂ ಚಕ್ರಗಳನ್ನು ಒಂದೇ ಆ್ಯಕ್ಸಲ್‌ಗೆ ಪಿನ್ ಹಾಕಿ ಬಿಗಿದಿದ್ದರೆ, ತಿರುವಿನ ಒಳಬದಿಯ ಚಕ್ರವೂ ಹೊರಬದಿಯದರಷ್ಟೇ ಸುತ್ತುವುದರಿಂದ, ಯಂತ್ರವನ್ನು ತೋಳಿನ ಬಲದಿಂದ ಎಳೆದೇ ತಿರುಗಿಸಬೇಕಾಗುತ್ತದೆ. ಒಂದು ಚಕ್ರದ ಪಿನ್ ತೆಗೆದರೆ ತಿರುಗಿಸುವುದು ಹಗುರ, ಆದರೆ ಒಂದೇ ಚಕ್ರ ಎಳೆಯುವುದರಿಂದ ಜಾರುವ ನೆಲದಲ್ಲಿ ಹಿಡಿತ ಕಡಿಮೆಯಾಗುತ್ತದೆ. ಹಿಡಿಯ ಕೆಳಗೆ ಟ್ರಿಗರ್‌ಗಳಿರುವ ಮಾದರಿಯಲ್ಲಿ ಎಡಗಡೆಯದನ್ನು ಒತ್ತಿದಾಗ ಎಡಚಕ್ರಕ್ಕೆ ಮಾತ್ರ ಚಾಲನೆ ತಪ್ಪಿ, ಬಲಚಕ್ರ ಯಂತ್ರವನ್ನು ಎಡಕ್ಕೆ ಸುತ್ತಿಸುತ್ತದೆ. ಈ ಟ್ರಿಗರ್‌ಗಳು ಫ್ರಿಕ್ಷನ್ ಡಿಸ್ಕ್ ಯಂತ್ರಗಳಲ್ಲೂ ಸಿಗುತ್ತವೆ.

ಚಳಿಗಾಲದಲ್ಲಿ ಮಕ್ಕಳ ಮನೆಗೆ ಹೋಗಿ ತಾವೇ ಈ ಯಂತ್ರ ಹಿಡಿಯುವ ಹಿರಿಯರು, ಹೈಡ್ರೋಸ್ಟ್ಯಾಟಿಕ್‌ಗೆ ಹೆಚ್ಚು ಹಣ ಕೊಡುವ ಮೊದಲು ಟ್ರಿಗರ್ ಇದೆಯೇ ಎಂದು ದಯವಿಟ್ಟು ವಿಚಾರಿಸಬೇಕು.